ಪಾಯಸವನ್ನು ಬೈಯುವ ಮೊದಲು ಬಾವಿ ನೋಡಿ

ಮಾನ್ಯ ಸಂಪಾದಕರೇ,

ನಾನು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು ಕಡೆಯ ಅಡಿಗೆಯವ. ಮದುವೆ, ಉಪನಯನ, ಗೃಹಪ್ರವೇಶ, ಜಾತ್ರೆ ಅಂತ ಕುಂಬಳೆಯಿಂದ ಮುಳ್ಳೇರಿಯದವರೆಗೆ ಜೆಂಬ್ರದ ಅಡಿಗೆ ಮಾಡಿಯೇ ಸಂಸಾರ ಸಾಗಿಸಿದವನು. ಎಲ್ಲಿಯಾದರೂ ಉಂಡ ನಾಲ್ಕು ಮಂದಿಗೆ ವಾಂತಿ-ಭೇದಿ ಶುರುವಾದರೆ ಸಾಕು, "ಪಾಯಸ ಹಾಳಾಗಿತ್ತು", "ಹೋಳಿಗೆಯ ಎಣ್ಣೆ ಸರಿ ಇರಲಿಲ್ಲ" ಎಂದು ಯಾವುದೋ ಒಂದು ಬಗೆಯ ಮೇಲೆ ಗೂಬೆ ಕೂರಿಸಿ ಮಾತು ಮುಗಿಸುತ್ತಾರೆ. ಬಾವಿಯನ್ನು ಯಾರೂ ನೋಡುವುದಿಲ್ಲ. ಬಡಿಸಿದವನ ಬೆರಳಿನ ಗಾಯವನ್ನೂ ನೋಡುವುದಿಲ್ಲ. ಮುಂದಿನ ವಾರ ಅದೇ ಬಾವಿಯ ನೀರಿನಲ್ಲಿ ಇನ್ನೊಂದು ಜೆಂಬ್ರ ನಡೆಯುತ್ತದೆ. ಇದಕ್ಕಾಗಿಯೇ ಈ ಪತ್ರ.

ಅಡಿಗೆಯವರನ್ನು ಬಚಾವು ಮಾಡಲು ಹೇಳುತ್ತಿರುವುದಲ್ಲ. ನಮ್ಮ ಕಡೆಯಿಂದ ತಪ್ಪಾಗುವ ಜಾಗಗಳು ಬೇಕಾದಷ್ಟಿವೆ, ಅವನ್ನೂ ಬರೆಯುತ್ತೇನೆ. ಆದರೆ ಕಾಯಿಲೆ ಎಲ್ಲಿಂದ ಬಂತೆಂದೇ ತಿಳಿಯದಿದ್ದರೆ ಅದನ್ನು ನಿಲ್ಲಿಸುವುದು ಹೇಗೆ? ನನ್ನ ಮಗಳು ಮಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮಲ, ರಕ್ತದ ಪರೀಕ್ಷೆ ಅವಳ ದಿನನಿತ್ಯದ ಕೆಲಸ. ಕೊಪ್ಪರಿಗೆಯ ಪಕ್ಕ ನಿಂತು ನಾನು ಕಂಡದ್ದನ್ನೂ ಲ್ಯಾಬಿನಲ್ಲಿ ಅವಳು ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಏನು ತಿಂದಿರಿ ಎಂದು ಕೇಳುವ ಮೊದಲು, ಉಂಡು ಎಷ್ಟು ಹೊತ್ತಾದ ಮೇಲೆ ಶುರುವಾಯಿತು ಎಂದು ಕೇಳಬೇಕು. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಒಂದೊಂದಕ್ಕೆ ಒಂದೊಂದು ಹೊತ್ತು ಇದೆ. ಮಧ್ಯಾಹ್ನ ಒಂದು ಗಂಟೆಗೆ ಉಂಡವರು ಸಂಜೆ ನಾಲ್ಕಕ್ಕೆ ವಾಂತಿ ಮಾಡಿದರೆ ಹೆಚ್ಚಾಗಿ ಅದು ಸ್ಟೆಫೈಲೊಕಾಕಸ್ ಇಲ್ಲವೇ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಇವು ನಮ್ಮ ಹೊಟ್ಟೆಯೊಳಗೆ ಬೆಳೆದು ಕಾಯಿಲೆ ತರುವವರೆಗೆ ಕಾಯುವುದಿಲ್ಲ. ಪಾತ್ರೆಯಲ್ಲೇ ಬೆಳೆದು, ಅಲ್ಲೇ ವಿಷ ಮಾಡಿ ಇಟ್ಟಿರುತ್ತವೆ. ಅದಕ್ಕೇ ಒಂದರಿಂದ ಆರು ಗಂಟೆಯೊಳಗೆ ಹೊಟ್ಟೆ ತೊಳಸುತ್ತದೆ. ಬೇಗ ಬರುತ್ತದೆ, ಹೆಚ್ಚಿನವರಿಗೆ ಒಂದು ದಿನದೊಳಗೆ ಬೇಗ ಹೋಗುತ್ತದೆ ಕೂಡ.

ಸ್ಟೆಫೈಲೊಕಾಕಸ್ ಇರುವುದು ಮನುಷ್ಯರ ಚರ್ಮದಲ್ಲಿ, ಮೂಗಿನಲ್ಲಿ. ಆರೋಗ್ಯವಾಗಿರುವವರ ಮೂಗಿನಲ್ಲೂ ಇರುತ್ತದೆ. ಗಾಯದ ಕೀವಿನಲ್ಲಂತೂ ಅದು ತುಂಬಿರುತ್ತದೆ. ಸುದರಿಕೆಗೆ, ಅಂದರೆ ಜೆಂಬ್ರದ ಕೆಲಸಕ್ಕೆ ಕೈಜೋಡಿಸಲು ಬಂದ ಹುಡುಗ ಹಿಂದಿನ ದಿನ ಕಾಯಿ ಹೆರೆಯುವಾಗ ಹೆಬ್ಬೆರಳು ತಾಗಿಸಿಕೊಂಡಿರುತ್ತಾನೆ. ಬೆಳಗ್ಗೆ ನೋಡಿದರೆ ಗಾಯದ ಸುತ್ತ ಕೆಂಪು, ಬದಿಯಲ್ಲಿ ಸ್ವಲ್ಪ ಹಳದಿ. ಬಟ್ಟೆ ಸುತ್ತಿಕೊಂಡು ಲಾಡು ಕಟ್ಟಲು ಕೂರುತ್ತಾನೆ. ಲಾಡು ಕಟ್ಟಿದ ಮೇಲೆ ಅದನ್ನು ಯಾರೂ ಬೇಯಿಸುವುದಿಲ್ಲ, ಅಲ್ವಾ? ಅಂಥವರನ್ನು ನಾನು ಕುರ್ಚಿ ಸಾಗಿಸಲು ಕಳುಹಿಸುತ್ತೇನೆ. ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಬ್ಯಾಸಿಲಸ್ ಸೀರಿಯಸ್ ಅಕ್ಕಿಯ ಜೊತೆಗೇ ಬರುತ್ತದೆ. ಅದರ ಬೀಜಾಣು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಅನ್ನ ಬೆಂದಾಗ ಅದು ಸುಮ್ನೆ ಮಲಗಿರುತ್ತದೆ, ಅನ್ನ ಉಗುರುಬೆಚ್ಚಗೆ ಆದಾಗ ಏಳುತ್ತದೆ. ನೂರಾರು ಜನರ ಅನ್ನವನ್ನು ಒಂದೇ ರಾಶಿ ಮಾಡಿ ಬಾಳೆ ಎಲೆ ಮುಚ್ಚಿಟ್ಟರೆ ಮೇಲಿನ ಅನ್ನ ಆರಿರುತ್ತದೆ, ಆದರೆ ರಾಶಿಯ ಮಧ್ಯಕ್ಕೆ ಸಟ್ಟುಗ ಹಾಕಿ ಎಬ್ಬಿಸಿದರೆ ಸಂಜೆಗೂ ಹಬೆಯಾಡುತ್ತದೆ. ಆ ಬೆಚ್ಚಗಿನ ಮಧ್ಯವೇ ಅಪಾಯದ ಜಾಗ. ಉಳಿದ ಅನ್ನಕ್ಕೆ ರಾತ್ರಿ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅದು ಮಾಡಿಟ್ಟ ವಿಷ ಸಾಯುವುದಿಲ್ಲ. ಸ್ಟೆಫೈಲೊಕಾಕಸ್ಸಿನ ವಿಷವೂ ಹಾಗೆಯೇ, ಅರ್ಧ ಗಂಟೆ ಕುದಿಸಿದರೂ ಉಳಿಯುತ್ತದೆ. "ಚೆನ್ನಾಗಿ ಬಿಸಿ ಮಾಡಿದ್ದೇವೆ" ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನು ಈಗ ಪಂಕ್ತಿಯಿಂದ ಪಂಕ್ತಿಗೆ ಅನ್ನ ಬೇಯಿಸುತ್ತೇನೆ. ಉಳಿದದ್ದನ್ನು ಅಗಲದ ಹರಿವಾಣದಲ್ಲಿ ತೆಳುವಾಗಿ ಹರಡಿ, ಆರಿದ ಕೂಡಲೇ ಫ್ರಿಜ್ಜಿಗೆ. ಐದು ಡಿಗ್ರಿಯಿಂದ ಅರುವತ್ತು ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸರಿಯಾದ ಬೆಚ್ಚಗೆ ಸಿಕ್ಕಿದರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ನಮ್ಮ ಕರಾವಳಿಯ ಎಪ್ರಿಲ್ ಮಧ್ಯಾಹ್ನಕ್ಕಿಂತ ಒಳ್ಳೆಯ ಬೆಚ್ಚಗೆ ಅದಕ್ಕೆ ಎಲ್ಲಿ ಸಿಗಬೇಕು? ಬಿರಿಯಾಣಿ, ಮಾಂಸದ ಸಾರು ಮಾಡುವವರಿಗೂ ಇದೇ ಮಾತು. ದೊಡ್ಡ ಪಾತ್ರೆ ನಿಧಾನ ಆರುತ್ತದೆ. ಅದರಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮರುದಿನದೊಳಗೆ ಹೊಟ್ಟೆ ಕಲಸಿ ಭೇದಿ ತರುತ್ತದೆ.

ಇನ್ನೊಂದು ಗುಂಪು ನಿಧಾನದ್ದು. ಇವು ಕರುಳಿಗೆ ಇಳಿದು, ಅಲ್ಲಿ ಬೆಳೆದು, ಆಮೇಲೆ ಕಾಟ ಕೊಡುತ್ತವೆ. ಸಾಲ್ಮೊನೆಲ್ಲಾ ಸಾಮಾನ್ಯವಾಗಿ ಅರ್ಧ ದಿನದಿಂದ ಮೂರು ದಿನದೊಳಗೆ. ಶಿಗೆಲ್ಲಾ ಒಂದೆರಡು ದಿನಕ್ಕೆ. ಕೋಳಿಮಾಂಸ, ಹಸಿ ಹಾಲಿನಿಂದ ಬರುವ ಕ್ಯಾಂಪೈಲೊಬ್ಯಾಕ್ಟರ್ ಎರಡರಿಂದ ಐದು ದಿನಕ್ಕೆ. ಜ್ವರ, ಹೊಟ್ಟೆ ಹಿಂಡಿದಂಥ ನೋವು, ಕೆಲವೊಮ್ಮೆ ಮಲದಲ್ಲಿ ರಕ್ತ. ಭಾನುವಾರ ಮದುವೆಯಲ್ಲಿ ಉಂಡವರಿಗೆ ಮಂಗಳವಾರ ರಾತ್ರಿ ಜ್ವರ ಬಂದರೆ ಅವರು ಬೈಯುವುದು ಮಂಗಳವಾರ ಬೆಳಗ್ಗೆ ಹೋಟೆಲಿನಲ್ಲಿ ತಿಂದ ಇಡ್ಲಿಯನ್ನು. ಪಾಪದ ಇಡ್ಲಿ ಬಿಸಿ ಹಬೆಯಲ್ಲಿ ಬೆಂದು ಬಂದದ್ದು! ಮದುವೆಯ ಬಾಗಿಲಲ್ಲಿ ಕುಡಿದ ಐಸ್ ಹಾಕಿದ ಜ್ಯೂಸಿನ ನೆನಪೇ ಇರುವುದಿಲ್ಲ. ಜಾಂಡೀಸ್ ತರುವ ಹೆಪಟೈಟಿಸ್ ಎ ಅಂತೂ ಬ್ಯಾಕ್ಟೀರಿಯಾ ಅಲ್ಲ, ವೈರಸ್. ಆದರೆ ಅದೂ ಇದೇ ನೀರಿನ ದಾರಿಯಲ್ಲಿ ಬರುತ್ತದೆ, ಕಾಣಿಸಿಕೊಳ್ಳಲು ಒಂದು ತಿಂಗಳಿನಷ್ಟು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮದುವೆಯ ಆಲ್ಬಮ್ಮೇ ಬಂದಿರುತ್ತದೆ.

ಯಾವ ಬ್ಯಾಕ್ಟೀರಿಯಾ ಎಂದು ಹೇಳಬೇಕಾದರೆ ಪರೀಕ್ಷೆ ಬೇಕು. ಮಗಳ ಲ್ಯಾಬಿನಲ್ಲಿ ಮಲದ ಮಾದರಿಯನ್ನು ಮೆಕಾಂಕಿ ಅಗರ್ ಎಂಬ ಕೆಂಪು ಛಾಯೆಯ ಜೆಲ್ಲಿ ಹಾಕಿದ ತಟ್ಟೆಯ ಮೇಲೆ ತಂತಿಯ ಕಡ್ಡಿಯಿಂದ ಗೀಟು ಎಳೆದು, ರಾತ್ರಿಯಿಡೀ 37 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬೆಳಗ್ಗೆ ಗುಲಾಬಿ ಚುಕ್ಕೆಗಳು ಎದ್ದಿದ್ದರೆ ಅವು ಹೆಚ್ಚಾಗಿ ಎಲ್ಲರ ಕರುಳಿನಲ್ಲೂ ಇರುವ ಇ. ಕೋಲಿ. ಸಾಲ್ಮೊನೆಲ್ಲಾ, ಶಿಗೆಲ್ಲಾ ಇದ್ದರೆ ಚುಕ್ಕೆಗೆ ಬಣ್ಣ ಇರುವುದಿಲ್ಲ. ಆ ಬಣ್ಣವಿಲ್ಲದ ಚುಕ್ಕೆಯನ್ನು ಹೆಕ್ಕಿ ಮುಂದಿನ ಪರೀಕ್ಷೆ. ಹೀಗೆ ಎರಡು ಮೂರು ದಿನ ಹಿಡಿಯುತ್ತದೆ. ಅದಕ್ಕೆ ಮೊದಲೇ ಆಂಟಿಬಯೋಟಿಕ್ ನುಂಗಿ ಬಂದರೆ ತಟ್ಟೆಯಲ್ಲಿ ಏನೂ ಏಳದೆ ಹೋಗಬಹುದು.

ನಮ್ಮ ಜಿಲ್ಲೆಯಲ್ಲೇ 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹದಿನಾರು ವರ್ಷದ ಹುಡುಗಿ ತೀರಿಕೊಂಡದ್ದು, ಹಲವಾರು ಮಂದಿ ಆಸ್ಪತ್ರೆ ಸೇರಿದ್ದು ಓದುಗರಿಗೆ ನೆನಪಿರಬಹುದು. ರೋಗಿಗಳ ಪರೀಕ್ಷೆಯಲ್ಲಿ ಸಿಕ್ಕಿದ್ದು ಶಿಗೆಲ್ಲಾ. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಕಂಡುಹಿಡಿದ ಬ್ಯಾಕ್ಟೀರಿಯಾ ಇದು. ಬೇರೆ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಸಾವಿರ, ಲಕ್ಷದ ಲೆಕ್ಕದಲ್ಲಿ ಹೊಟ್ಟೆಗೆ ಹೋದರೆ ಮಾತ್ರ ಕಾಯಿಲೆ. ಶಿಗೆಲ್ಲಾಕ್ಕೆ ಹತ್ತರಿಂದ ನೂರು ಸಾಕು. ಅಂದರೆ ಪಾಯಿಖಾನೆಗೆ ಹೋಗಿ ಸೋಪು ಹಾಕದೆ ಬಂದ ಒಂದು ಕೈ ಸಾಕು. ಆ ಸಾವಿನ ನಂತರ ಶವರ್ಮಾ ಅಂಗಡಿಗಳ ಮೇಲೆ ದಾಳಿ ನಡೆಯಿತು. 2023ರ ಜನವರಿಯಲ್ಲಿ ಕೇರಳ, ಶವರ್ಮಾದ ಜೊತೆ ಕೊಡುವ ಹಸಿ ಮೊಟ್ಟೆಯ ಮಯೊನೈಸ್ ನಿಷೇಧಿಸಿತು. 2025ರ ಎಪ್ರಿಲಿನಲ್ಲಿ ತಮಿಳುನಾಡೂ ಒಂದು ವರ್ಷಕ್ಕೆ ನಿಷೇಧಿಸಿತು. ಎಲ್ಲ ಸರಿ. ಆದರೆ ಊರಿನಲ್ಲಿ ಉಳಿದ ಮಾತು "ಶವರ್ಮಾ ತಿನ್ನಬಾರದು" ಎಂಬುದಷ್ಟೇ. ಶುದ್ಧ ಸಸ್ಯಾಹಾರದ ಜೆಂಬ್ರದಲ್ಲೂ ಶಿಗೆಲ್ಲಾ ಬರಬಹುದು ಎಂದರೆ ಜನ ನನ್ನ ಮುಖ ನೋಡುತ್ತಾರೆ.

ಈಗ ನೀರಿಗೆ ಬರುತ್ತೇನೆ. ಹಿಂದೆ ಜೆಂಬ್ರಕ್ಕೆ ಬಂದವರಿಗೆ ಬಾಯಾರಿಕೆಗೆ ಬೆಲ್ಲ, ನೀರು ಇಡುತ್ತಿದ್ದರು. ಈಗ ಬಾಗಿಲಲ್ಲೇ ಬಣ್ಣದ ಜ್ಯೂಸು. ಕುದಿಸದ ಬಾವಿ ನೀರು, ಎಲ್ಲಿಂದಲೋ ತಂದ ಐಸ್, ಒಂದೇ ಬಕೆಟಿನಲ್ಲಿ ಮುಳುಗಿಸಿ ತೊಳೆದ ಲೋಟ. ಸಾರು ಕುದಿಯುತ್ತದೆ, ಕೊದಿಲು ಕುದಿಯುತ್ತದೆ, ಪಾಯಸ ಕುದಿಯುತ್ತದೆ. ಕುದಿಯದೆ ಎಲ್ಲರ ಹೊಟ್ಟೆಗೆ ಹೋಗುವುದು ಈ ಜ್ಯೂಸು, ಮಜ್ಜಿಗೆಗೆ ಬೆರೆಸಿದ ನೀರು, ಕೋಸಂಬರಿ, ಕೈ ತೊಳೆಯುವ ನಳ್ಳಿಯ ನೀರು. ಅಪರಾಧಿಯನ್ನು ಹುಡುಕುವವರು ಇಲ್ಲಿಂದ ಶುರು ಮಾಡಬೇಕು. ಮೀನಿಗೆ ಹಾಕಲು ಮಾಡಿದ ಐಸನ್ನು ಜ್ಯೂಸಿಗೆ ತರುವವರನ್ನು ನಾನು ಅಡಿಗೆ ಕೊಟ್ಟಿಗೆಯ ಹತ್ತಿರ ಬಿಡುವುದಿಲ್ಲ.

ನಮ್ಮ ನೆಲ ಮುರಕಲ್ಲಿನದ್ದು. ಕಲ್ಲೆಂದು ಹೆಸರು, ಒಳಗೆಲ್ಲ ತೂತು. ಅದಕ್ಕೇ ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ತೆಗೆದರು. ಬಾಯಾರು, ಪಡ್ರೆ ಕಡೆ ಸುರಂಗದ ನೀರಿನಲ್ಲೇ ತೋಟ, ಮನೆ ನಡೆದದ್ದು. ಆದರೆ ಮಳೆನೀರನ್ನು ಇಳಿಸುವ ಆ ತೂತುಗಳೇ ಪಾಯಿಖಾನೆ ಗುಂಡಿಯ ನೀರನ್ನೂ ಇಳಿಸುತ್ತವೆ. ಬಾವಿಗೂ ಗುಂಡಿಗೂ ಏಳೂವರೆ ಮೀಟರ್ ಅಂತರ ಬೇಕೆಂದು ಕೇರಳದ ಕಟ್ಟಡ ನಿಯಮದಲ್ಲಿದೆ. ಐದು ಸೆಂಟ್ಸು ಜಾಗದಲ್ಲಿ ಮನೆ, ಬಾವಿ, ಗುಂಡಿ ಎಲ್ಲ ಆಗಬೇಕಾದಲ್ಲಿ ಈ ಅಂತರ ಎಷ್ಟು ಮನೆಗಳಲ್ಲಿ ಸಿಗುತ್ತದೆ? ಪಕ್ಕದ ಮನೆಯ ಗುಂಡಿ ಎಲ್ಲಿದೆ ಎಂದೂ ನೋಡಬೇಕು. ಜೂನ್‌ನ ಮೊದಲ ಜಡಿಮಳೆಗೆ ನೀರು ಮೇಲೆ ಬಂದು ಬಾವಿಯೂ ಗುಂಡಿಯೂ ಒಂದೇ ಮಟ್ಟಕ್ಕೆ ನಿಂತರೆ ಹೇಳಬೇಕಾಗಿಲ್ಲ. ನೀರು ಕನ್ನಡಿಯಂತೆ ತಿಳಿಯಾಗಿಯೇ ಇರುತ್ತದೆ. ಇ. ಕೋಲಿ ಕಣ್ಣಿಗೆ ಕಾಣುವುದಿಲ್ಲ.

ಜೆಂಬ್ರದ ಮನೆಗೆ ಸಾಮಾನು ಪಟ್ಟಿ ಕೊಡುವಾಗ ನಾನು ಬ್ಲೀಚಿಂಗ್ ಪೌಡರ್ ಕೂಡ ಬರೆಯುತ್ತೇನೆ. ಲೆಕ್ಕ ಸುಲಭ. ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಎಷ್ಟು ಲೀಟರ್ ನೀರಿದೆ ಎಂದು ಸಿಗುತ್ತದೆ. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಪೌಡರ್, ಅಂದರೆ 70 ಗ್ರಾಂ. ಆಸುಪಾಸಿನಲ್ಲಿ ಭೇದಿ, ಟೈಫಾಯಿಡ್ ಇದ್ದರೆ ಎರಡು ಪಾಲು. ಪೌಡರನ್ನು ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಮತ್ತೆ ನೀರು ತುಂಬಿ, ಹತ್ತು ನಿಮಿಷ ಬಿಡಬೇಕು. ಪೌಡರಿನ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಹೊಯ್ದು, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕಿದರೆ ಬೆಳಗ್ಗೆಗೆ ಸರಿ. ಪೌಡರಿನ ಕಟ್ಟು ಬಿಚ್ಚಿಟ್ಟು ತಿಂಗಳುಗಟ್ಟಲೆ ಆಗಿದ್ದರೆ ಶಕ್ತಿ ಹೋಗಿರುತ್ತದೆ, ಹೊಸತು ತರಬೇಕು. ಇಷ್ಟಾದರೂ ಕುಡಿಯಲು ಕುದಿಸಿ ಆರಿಸಿದ ನೀರೇ ಆಗಬೇಕೆಂದು ನನ್ನ ಹಠ.

ಟೈಫಾಯಿಡ್ ವಿಷಯದಲ್ಲಿ ಅಡಿಗೆಯವರು ಕೇಳಲೇಬೇಕಾದ ಒಬ್ಬಳ ಕತೆ ಇದೆ. ಮೇರಿ ಮ್ಯಾಲನ್ ಎಂದು ಹೆಸರು. ನೂರು ವರ್ಷಕ್ಕೂ ಹಿಂದೆ ಅಮೆರಿಕದ ನ್ಯೂಯಾರ್ಕಿನಲ್ಲಿ ಶ್ರೀಮಂತರ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದಳು. ಅವಳು ಕೆಲಸಕ್ಕೆ ಸೇರಿದ ಮನೆಗಳಲ್ಲಿ ಟೈಫಾಯಿಡ್ ಏಳುತ್ತಿತ್ತು, ಅವಳು ಮಾತ್ರ ಗಟ್ಟಿಮುಟ್ಟಾಗಿ ಇರುತ್ತಿದ್ದಳು. 1907ರಲ್ಲಿ ಪರೀಕ್ಷೆ ಮಾಡಿದಾಗ ಅವಳ ಮಲದಲ್ಲಿ ಟೈಫಾಯಿಡ್ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಪಿತ್ತಕೋಶದಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರಬಲ್ಲದು. ತನಗೆ ಕಾಯಿಲೆ ಇದೆ ಎಂದು ಅವಳು ಕೊನೆಯವರೆಗೂ ಒಪ್ಪಲಿಲ್ಲ. ಹೆಸರು ಬದಲಿಸಿ ಮತ್ತೆ ಅಡಿಗೆಗೆ ಹೋದಳು, 1915ರಲ್ಲಿ ಮತ್ತೆ ಸಿಕ್ಕಿಬಿದ್ದಳು, 1938ರಲ್ಲಿ ಸಾಯುವವರೆಗೂ ಒಂದು ದ್ವೀಪದ ಆಸ್ಪತ್ರೆಯಲ್ಲೇ ಕಳೆದಳು. ಅವಳನ್ನು ನಡೆಸಿಕೊಂಡ ರೀತಿ ನನಗೆ ಸರಿ ಕಾಣುವುದಿಲ್ಲ. ಬೇರೆ ದುಡಿಮೆ ಸಿಗದೆ ಅವಳೇನು ಮಾಡಬೇಕಿತ್ತು? ಆದರೆ ಆರೋಗ್ಯವಾಗಿ ಕಾಣುವ ಅಡಿಗೆಯವನಿಂದಲೂ ಕಾಯಿಲೆ ದಾಟುತ್ತದೆ ಎಂಬುದು ನಿಜ. ಕೇರಳದಲ್ಲಿ 2023ರಿಂದ ಆಹಾರ ಕೆಲಸದವರಿಗೆ ಹೆಲ್ತ್ ಕಾರ್ಡ್ ಕಡ್ಡಾಯ, ಅದಕ್ಕೆ ಟೈಫಾಯಿಡ್ ಲಸಿಕೆಯೂ ಬೇಕು. ನಾನೂ ಹಾಕಿಸಿಕೊಂಡಿದ್ದೇನೆ. ನೀವು ಕರೆಯುವ ಅಡಿಗೆಯವರ ಹತ್ತಿರ ಕಾರ್ಡ್ ತೋರಿಸಿ ಎಂದು ಕೇಳಿ. ಕೇಳಿದರೆ ಅವಮಾನ ಏನಿಲ್ಲ.

ಇನ್ನು ಕಾಯಿಲೆ ಬಂದವರ ವಿಷಯ. ಭೇದಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ನೀರು, ಉಪ್ಪು ಹೊರಗೆ ಹೋಗುವುದರಿಂದ. 1971ರ ಬಾಂಗ್ಲಾ ಯುದ್ಧದ ಸಮಯ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲುಕೋಸು, ಉಪ್ಪು, ಅಡಿಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರರಲ್ಲಿ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದಲ್ಲಿ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಬೆಪ್ಪೆನಿಸುವಷ್ಟು ಸರಳ ವಿಷಯ ಅದು. ಸಕ್ಕರೆಯ ಜೊತೆ ಹೋದರೆ ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಕಾಲರಾ ಬಂದ ಕರುಳಿನಲ್ಲೂ ಈ ದಾರಿ ಮುಚ್ಚುವುದಿಲ್ಲ. ಅವರು 2022ರಲ್ಲಿ ತೀರಿಕೊಂಡ ಮೇಲೆ ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಕೊಡಬೇಕಿತ್ತು.

ಇದೇ ಉಪ್ಪು-ಸಕ್ಕರೆಯ ಪುಡಿ ಈಗ ಒಆರ್‌ಎಸ್ ಎಂದು ಸಿಗುತ್ತದೆ. ಈ ಪ್ಯಾಕೆಟನ್ನು ನಮ್ಮಲ್ಲಿ ಬಹಳ ಜನ ಅರ್ಧ ಒಂದು ಲೋಟಕ್ಕೆ, ಅರ್ಧ ಇನ್ನೊಂದಕ್ಕೆ ಹಾಕುತ್ತಾರೆ. ಹಾಗೆ ಮಾಡಬಾರದು. 20.5 ಗ್ರಾಮಿನ ಪ್ಯಾಕೆಟ್ ಪೂರ್ತಿಯಾಗಿ ಒಂದು ಲೀಟರ್ ನೀರಿಗೆ. ಗುಟುಕು ಗುಟುಕಾಗಿ ಕುಡಿಸಬೇಕು, ಒಂದು ದಿನದೊಳಗೆ ಮುಗಿಸಬೇಕು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿತಿಳಿಯೂ ಒಳ್ಳೆಯದು. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ, ಹಾಗಾಗಿ ಬೊಂಡ ಒಂದನ್ನೇ ನಂಬಬಾರದು. ಒಆರ್‌ಎಸ್ ಎಂದು ಬರೆದ ಸಿಹಿ ಜ್ಯೂಸಿನ ಡಬ್ಬಗಳನ್ನು ಮೆಡಿಕಲ್‌ಗಳಲ್ಲಿ ಮಾರುತ್ತಿದ್ದರಲ್ಲ, ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2025ರ ಅಕ್ಟೋಬರಿನಲ್ಲಿ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷಾ ಪ್ರಾಧಿಕಾರ ಆದೇಶ ಮಾಡಿತು. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ಆರು ತಿಂಗಳು ದಾಟಿದ ಮಕ್ಕಳಿಗೆ ಒಆರ್‌ಎಸ್ ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಝಿಂಕ್ ಮಾತ್ರೆಯನ್ನು ವೈದ್ಯರು 14 ದಿನ ಕೊಡುತ್ತಾರೆ. ಭೇದಿ ನಿಂತಿತೆಂದು ನಡುವೆ ಬಿಡಬಾರದು. ಎದೆಹಾಲು ನಿಲ್ಲಿಸಲೇಬಾರದು.

ಮೆಡಿಕಲ್‌ನಿಂದ ತಾವೇ ತರುವ ಆಂಟಿಬಯೋಟಿಕ್ ಹೆಚ್ಚಿನ ಭೇದಿಗೆ ಬೇಕಾಗಿಯೇ ಇಲ್ಲ. ಸುಮ್ನೆ ನುಂಗಿದರೆ ಬ್ಯಾಕ್ಟೀರಿಯಾಕ್ಕೆ ಮದ್ದಿನ ಅಭ್ಯಾಸ ಆಗುತ್ತದೆ. ಭೇದಿ ಕಟ್ಟಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ, ರಕ್ತ ಬೀಳುವವರಿಗೆ ಕೊಡಬಾರದು. ಮಲದಲ್ಲಿ ರಕ್ತ, ಇಳಿಯದ ಜ್ವರ, ಕುಡಿದದ್ದೆಲ್ಲ ವಾಂತಿ, ಆರೆಂಟು ಗಂಟೆ ಮೂತ್ರ ಇಲ್ಲದಿರುವುದು, ಮಗುವಿನ ಕಣ್ಣು ಗುಳಿ ಬಿದ್ದು ತೂಕಡಿಸುವುದು, ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ಆಸ್ಪತ್ರೆಗೆ. ಕೇರಳದಲ್ಲಿ ಆರೋಗ್ಯ ಸಹಾಯವಾಣಿ 1056ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಆಂಟಿಬಯೋಟಿಕ್ ಕೋರ್ಸನ್ನು ಪೂರ್ತಿ ಮಾಡಲೇಬೇಕಾದ ಕಾಯಿಲೆಯೂ ಇದೆ. ವರ್ಷಗಟ್ಟಲೆ "ಗ್ಯಾಸ್ಟ್ರಿಕ್" ಎಂದು ಮಾತ್ರೆ ನುಂಗುವ ಕೆಲವರ ಹೊಟ್ಟೆಯಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಹೆಚ್ಚಿನ ಅಲ್ಸರಿಗೆ ಇದು ಕಾರಣ ಎಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ತೋರಿಸಿದರು, 2005ರಲ್ಲಿ ನೊಬೆಲ್ ಪಡೆದರು. ಖಾರ, ಹುಳಿ, ಚಿಂತೆ ಎಂದು ಸುಮ್ಮನಿರುವ ಬದಲು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಕೊನೆಗೆ ಅಧಿಕಾರಿಗಳಿಗೆ ಒಂದು ಮಾತು. ಮಳೆಗಾಲಕ್ಕೆ ಮೊದಲು ನಮ್ಮ ಮನೆಗಳಿಗೆ ಬರುವ ಆರೋಗ್ಯ ಕರಪತ್ರ ಹೆಚ್ಚಾಗಿ ಮಲಯಾಳದಲ್ಲಿ ಮಾತ್ರ ಇರುತ್ತದೆ. ಆಶಾ ಕಾರ್ಯಕರ್ತೆಯರು ತುಳುವಿನಲ್ಲೋ ಕನ್ನಡದಲ್ಲೋ ಬಾಯಲ್ಲಿ ಹೇಳಿ ಹೋಗುತ್ತಾರೆ, ಅವರಿಗೆ ಕೈಮುಗಿಯಬೇಕು. ಆದರೆ ಬಾಯಲ್ಲಿ ಕೇಳಿದ ಗ್ರಾಂ, ಲೀಟರ್, ಗಂಟೆ ನೆನಪಿನಲ್ಲಿ ಉಳಿಯುವುದಿಲ್ಲ. ನಮ್ಮ ತಂಡದ ಹಿರಿಯರು ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕೇರಳದ 1969ರ ರಾಜ್ಯಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದಿದೆ. ಹಾಗಿರುವಾಗ ಪ್ರಾಣ ಉಳಿಸುವ ಒಂದು ಪುಟ ಕನ್ನಡದಲ್ಲಿ ಅಚ್ಚಾಗಬಾರದೇ? ಅಡಿಗೆಯವರಿಗೆ, ಬಡಿಸುವವರಿಗೆ ನಡೆಸುವ ಶುಚಿತ್ವದ ತರಬೇತಿಯೂ ಮಂಜೇಶ್ವರ, ಬದಿಯಡ್ಕ ಕಡೆ ಕನ್ನಡದಲ್ಲಿ ಆಗಬೇಕು. ಜೆಂಬ್ರದ ಮನೆಯ ಬಾವಿ ನೀರನ್ನು ವಾರಕ್ಕೆ ಮೊದಲೇ ಪರೀಕ್ಷಿಸಿ ಕೊಡುವ ವ್ಯವಸ್ಥೆ ಪಂಚಾಯತಿನಲ್ಲಿ ಆದರೆ ಅದರಷ್ಟು ಉಪಕಾರ ಬೇರೆ ಇಲ್ಲ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಮೇಲೆ ಬರೆದ ಬಾವಿಯ ಲೆಕ್ಕ, ಒಆರ್‌ಎಸ್ ಅಳತೆ ಎರಡನ್ನೂ ಯಾರಾದರೂ ವೈದ್ಯರಿಗೆ ತೋರಿಸಿ, ಮಳೆ ಹಿಡಿಯುವ ಮೊದಲು ದೊಡ್ಡ ಅಕ್ಷರದಲ್ಲಿ ಒಂದು ಚೌಕಟ್ಟಿನೊಳಗೆ ಹಾಕಿ. ಕತ್ತರಿಸಿ ಅಡಿಗೆ ಕೊಟ್ಟಿಗೆಯ ಗೋಡೆಗೆ ಅಂಟಿಸುತ್ತೇವೆ.

ಇತಿ,
ಒಬ್ಬ ಅಡಿಗೆಯವ
ನೀರ್ಚಾಲು, ಕಾಸರಗೋಡು